ಆ ಕಪ್ಪು ಶೂ ಮುಂದಕ್ಕೆ ಬರಲಿ

ಪ್ರೀತಿಯ ತಂಗಿ,

ನಿನ್ನ ಪೋರ್ಟ್‌ಫೋಲಿಯೊ ನೋಡಿದೆ. ಮೊದಲ ಪುಟಗಳೆಲ್ಲ ಕಾಲೇಜಿನ ಪ್ರಾಜೆಕ್ಟು: ಅಥಣಿ ಚಪ್ಪಲಿಯ ಹೆಣೆದ ಪಟ್ಟಿಗೆ ಹೀಲ್ಸ್ ಕೊಟ್ಟ ಸ್ಯಾಂಡಲ್, ಬಾಳೆನಾರಿನ ಸ್ನೀಕರ್. ರಾಣಿಪೇಟೆಯ ಕಾರ್ಖಾನೆಯಲ್ಲಿ ಮಾಡಿದ ಸೇಫ್ಟಿ ಶೂ, ಸ್ಕೂಲ್ ಶೂಗಳು ಮಾತ್ರ ಕೊನೆಯಲ್ಲಿ ಅಂಚೆಚೀಟಿಯಷ್ಟಾಗಿ ಮುದುಡಿ ಕೂತಿವೆ. ‘ಎಲ್ಲಾ ಕಪ್ಪು ಸರ್, ತೋರಿಸೋಕೆ ಏನಿದೆ?’ ಅಂದೆಯಲ್ಲ, ಬೇಕಾದಷ್ಟಿದೆ ಕಣಮ್ಮ.

ಆ ಸೇಫ್ಟಿ ಶೂವನ್ನೇ ತಗೋ. ಉಕ್ಕಿನ ಟೋ ಕ್ಯಾಪ್ 200 ಜೂಲ್ ಪೆಟ್ಟು ತಾಳಬೇಕು. ಅಂದರೆ 20 ಕಿಲೋ ತೂಕ ಒಂದು ಮೀಟರ್ ಎತ್ತರದಿಂದ ಬಿದ್ದ ಹಾಗೆ. ಬಿದ್ದ ಮೇಲೂ 42ನೇ ಸೈಜಿನಲ್ಲಿ ಕ್ಯಾಪಿನೊಳಗೆ 14 ಮಿಲಿಮೀಟರ್ ಎತ್ತರ ಉಳಿದಿರಬೇಕು. ಶೂವಿನ ಸೋಲ್‌ನ ಅಚ್ಚು ಹಳೆಯದು, ಬೆಲೆ ಬಯರ್ ಹೇಳಿದ್ದು, ಕ್ಯಾಪ್ ಹೊರಗಿನಿಂದ ಬಂದದ್ದು; ಇವು ಯಾವುದನ್ನೂ ನೀನು ಬದಲಿಸುವಂತಿರಲಿಲ್ಲ. ಬಗ್ಗಿ ಕೂತಾಗ ಕ್ಯಾಪಿನ ಹಿಂದಿನ ಅಂಚು ಬೆರಳ ಬುಡಕ್ಕೆ ಒತ್ತುತ್ತಿತ್ತು. ನೀನು ಲೈನಿಂಗನ್ನು ಆ ಅಂಚಿನ ಮೇಲೆ ಜೋಡಣೆಯಿಲ್ಲದೆ ಒಂದೇ ತುಂಡಾಗಿ ಹಾಯಿಸಿದೆ, ಪಾದದ ಮೇಲ್ಭಾಗ ಮುಚ್ಚುವ ವ್ಯಾಂಪಿನ ಹೊಲಿಗೆಯನ್ನು ಪಾದ ಮಡಚುವ ಗೆರೆಯಿಂದ ಹಿಂದಕ್ಕೆ ಸರಿಸಿದೆ. ಮೇಲಿಂದ ನೋಡಿದವರ ಗಮನಕ್ಕೆ ಇದೊಂದೂ ಬಾರದು. ನೀನಾಗಿ ತೋರಿಸದಿದ್ದರೆ ಅದು ಇಲ್ಲವೆಂದೇ ಲೆಕ್ಕ.

ಶೂವನ್ನು ಉದ್ದಕ್ಕೆ ಸೀಳಿ ಫೋಟೊ ತೆಗೆ. ಕ್ಯಾಪು, ಲೈನಿಂಗು, ಇನ್‌ಸೋಲು ಎಲ್ಲವೂ ಪದರ ಪದರವಾಗಿ ಕಾಣಲಿ. ಪಕ್ಕದಲ್ಲಿ ಸಿಲ್ವರ್ ಪೆನ್ನಿನಿಂದ ಗೀಚಿದ ಮೊದಲ ಸ್ಯಾಂಪಲ್ ಇಡು. ಕೆಳಗೆ ಎರಡೇ ಸಾಲು: ಎಲ್ಲಿ ಒತ್ತುತ್ತಿತ್ತು, ಏನು ಬದಲಾಯಿಸಿದೆ. ಹೊಗೆ, ನೀಲಿ ಬೆಳಕು ಹಾಕಿ ಸೇಫ್ಟಿ ಶೂವನ್ನು ಸಿನಿಮಾ ಹೀರೋ ಮಾಡಲು ಹೋಗಬೇಡ. ಬೂದು ಹಿನ್ನೆಲೆ, ಪಕ್ಕದಿಂದ ಬರುವ ಕಿಟಕಿ ಬೆಳಕು, ಅಷ್ಟು ಸಾಕು.

ಪ್ಯಾಟರ್ನ್ ಕತ್ತರಿಸಿದ್ದು ಮಾಸ್ಟರ್ ಆದರೆ ಹಾಗೆಂದೇ ಬರೆ. ಸಂದರ್ಶನದ ಎರಡನೇ ಪ್ರಶ್ನೆಗೇ ಅದು ಹೊರಬೀಳುತ್ತದೆ. ಮಾರುಕಟ್ಟೆಗೆ ಬಾರದ ಸ್ಟೈಲನ್ನು ಕಾರ್ಖಾನೆಯವರ ಒಪ್ಪಿಗೆಯಿಲ್ಲದೆ ಹಾಕಬೇಡ.

ಸ್ಕೂಲ್ ಶೂಗಳಲ್ಲಿ ವೆಲ್ಕ್ರೊ ಪಟ್ಟಿಯದೊಂದು ಸಾಕು, ಉಳಿದವೆಲ್ಲ ಅದರದೇ ಅಣ್ಣತಮ್ಮಂದಿರು. ಅಥಣಿ ಸ್ಯಾಂಡಲ್ ಚೆನ್ನಾಗಿದೆ, ಹಿಂದಕ್ಕೆ ಹೋಗಲಿ. ಬಾಳೆನಾರಿನ ಸ್ನೀಕರ್ ತೆಗೆದುಬಿಡು. ಅದನ್ನು ಹಾಕಿಕೊಂಡು ಯಾರೂ ಬಸ್ ಸ್ಟಾಪಿನವರೆಗೂ ನಡೆದಿಲ್ಲ.

ಸೀಳುವುದಕ್ಕೆ ಹೊಸ ಜೋಡಿ ಹಾಳು ಮಾಡಬೇಡ. ಕ್ವಾಲಿಟಿ ವಿಭಾಗದವರನ್ನು ಕೇಳಿದರೆ ರಿಜೆಕ್ಟ್ ಆದ ಒಂಟಿ ಶೂ ಕೊಡುತ್ತಾರೆ.

ಇಂತಿ,
ನಿನ್ನ ಹಿರಿಯ ಸಹೋದ್ಯೋಗಿ