ಒಂದು ಕಲ್ಲಿನ ಮುಂದೆ ನಿಲ್ಲಿ

ಊರು ನೋಡಲು ಹೊರಟವರು ರೋಮಿನಲ್ಲೂ ಪಟ್ಟಿ ಹಿಡಿದು ಓಡುತ್ತಾರೆ, ರಾಯಚೂರಿನಲ್ಲೂ ಓಡುತ್ತಾರೆ. ರಾಯಚೂರಿನಲ್ಲಾದರೆ ಬೆಳಿಗ್ಗೆ ಕೋಟೆ, ಮಧ್ಯಾಹ್ನ ದೇವದುರ್ಗ ತಾಲ್ಲೂಕಿನ ಗಬ್ಬೂರಿನ ಗುಡಿಗಳು, ಸಂಜೆಗೆ ಹರಿದಾಸ ಕವಿ ಜಗನ್ನಾಥದಾಸರ ಮಾನ್ವಿ. ಮೊಬೈಲು ತುಂಬುತ್ತದೆ, ಮನಸ್ಸಿನಲ್ಲಿ ಏನೂ ನಿಲ್ಲುವುದಿಲ್ಲ. ನೋಡುವ ಜಾಗ ಕಡಿಮೆ ಮಾಡಿ, ನಿಲ್ಲುವ ಹೊತ್ತು ಹೆಚ್ಚಿಸಿ. ಇದಕ್ಕೆ ಪುರಾವೆ ಕೋಟೆಯ ಪಶ್ಚಿಮದ ಗೋಡೆಯಲ್ಲೇ ಇದೆ. ಅಲ್ಲಿ 41 ಅಡಿಗೂ ಮೀರಿದ ಒಂದೇ ಕಲ್ಲು. ಅದರ ಮೇಲೆ ಕಾಕತೀಯರ ಕಾಲದ, 1294ರ ಶಾಸನ. ದಾರಿಹೋಕರಿಗೆ ಅದು ಉದ್ದನೆಯ ಬಂಡೆ ಅಷ್ಟೇ. ಹತ್ತು ನಿಮಿಷ ನಿಂತವರಿಗೆ ಗೋಡೆಯಲ್ಲಿ ಕೊರೆದ ಚಿತ್ರವೂ ಕಾಣುತ್ತದೆ: ಗಟ್ಟಿ ಗಾಲಿಯ ಬಂಡಿ, ಎಳೆಯುವ ಕೋಣಗಳ ಸಾಲು, ಹಿಂದಿನಿಂದ ಗಾಲಿಗೆ ಸನ್ನೆಗೋಲು ಕೊಟ್ಟು ನೂಕುವ ಜನ. ಅಷ್ಟು ದೊಡ್ಡ ಕಲ್ಲು ಹೇಗೆ ಬಂತು ಎಂಬ ಪ್ರಶ್ನೆಗೆ ಆ ಕಾಲದವರೇ ಬರೆದಿಟ್ಟ ಉತ್ತರ ಅದು. ಅರಸರ ಹೆಸರು ಎಲ್ಲ ಕೋಟೆಗಳಲ್ಲೂ ಸಿಗುತ್ತದೆ, ದುಡಿದವರ ಬೆವರು ಸಿಗುವುದು ಅಪರೂಪ.

ದೂರದಿಂದ ಬಂದವರಿಗೆ ಒಂದೇ ದಿನ ಇರುತ್ತದಲ್ಲ ಎನ್ನಬಹುದು. ನಿಜ, ಆದರೆ ದಿನ ಒಂದೇ ಇದ್ದಾಗಲೇ ಆಯ್ಕೆ ಬೇಕು. ಕೋಟೆಯ ಜೊತೆಗೆ ಊರೊಳಗಿನ, 1513ರ ಏಕ್ ಮಿನಾರ್ ಮಸೀದಿ ಸಾಕು. ಬಿಸಿಲು ಹೆಚ್ಚೆನ್ನುವವರು ಚಳಿಗಾಲದಲ್ಲಿ, ಬೆಳಗಿನ ಹೊತ್ತು ಬನ್ನಿ. ದೇವದುರ್ಗ, ಮಾನ್ವಿಗೆ ಇನ್ನೊಂದು ದಿನ ಇಟ್ಟುಕೊಳ್ಳಿ. ಕಲ್ಲಿನ ಮೇಲೆ ಮಾತ್ರ ಹೆಸರು ಗೀಚಬೇಡಿ.