ಎರೆ ಮಣ್ಣಿನ ಹಿತ್ತಲಲ್ಲಿ ವಸಂತ ಕಾಲದ ಕೆಲಸಗಳು: ನೀರನ್ನು ಅಳೆದು ಮಡಿ ಹಾಕುವ ಕ್ರಮ

ಮನೆಯ ಹಿತ್ತಲಲ್ಲಿ ಕಾಯಿಪಲ್ಲೆ ಬೆಳೆಯುವುದು ನಮ್ಮ ರೈತ ಕುಟುಂಬಗಳಿಗೆ ಹೊಸದಲ್ಲ. ಆದರೆ ವಿಜಯಪುರ ಜಿಲ್ಲೆಯಲ್ಲಿ ಈ ಹಿತ್ತಲುಗಳ ಒಂದು ವಿಶೇಷವನ್ನು ಯಾರಾದರೂ ಗಮನಿಸಬಹುದು. ಮಾಘ ಮಾಸದಲ್ಲಿ ಹಸಿರಾಗಿದ್ದ ಹಿತ್ತಲು ಚೈತ್ರ ಮುಗಿಯುವಷ್ಟರಲ್ಲಿ ಒಣಗಿ ನಿಂತಿರುತ್ತದೆ. ಪೇಟೆಯಲ್ಲಿ ಸೊಪ್ಪು ದುಬಾರಿಯಾಗುವುದೂ ಮಕ್ಕಳು ಮನೆಯಲ್ಲಿರುವುದೂ ಅದೇ ಕಾಲಕ್ಕೆ. ಹೀಗೆ ಒಣಗುವುದಕ್ಕೆ ಬಿಸಿಲೊಂದೇ ಕಾರಣವಲ್ಲ. ಜಾಗವಿದ್ದಷ್ಟು ಬಿತ್ತಿ, ನೀರಿದ್ದಷ್ಟು ಹಾಕುವ ರೂಢಿಯೇ ಮುಖ್ಯ ಕಾರಣ. ನೀರಿದ್ದಷ್ಟು ಬಿತ್ತುವುದು ಸರಿಯಾದ ಕ್ರಮ.

ನಗರದ ಸೊಲ್ಲಾಪುರ ರಸ್ತೆಯ ಬಡಾವಣೆಗಳ ಚಿಕ್ಕ ಹಿತ್ತಲುಗಳಿಗೂ, ತಿಕೋಟಾ ಮತ್ತು ಬಬಲೇಶ್ವರ ತಾಲ್ಲೂಕುಗಳ ತೋಟದ ಮನೆಗಳಿಗೂ ಈ ಮಾತು ಸಮನಾಗಿ ಅನ್ವಯಿಸುತ್ತದೆ. ಅಳೆದು ನೀರು ಬಳಸುವುದು ಈ ಊರಿಗೆ ಹಳೆಯ ವಿದ್ಯೆ. ಆದಿಲ್ ಶಾಹಿ ಅರಸರು ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗದ ಮೂಲಕ ನಗರಕ್ಕೆ ನೀರು ತಂದರು. 1651ರಲ್ಲಿ ಬೇಗಂ ತಲಾಬ್ ಕಟ್ಟಿಸಿದರು. 1930ರ ದಶಕದಲ್ಲಿ ಒಣ ಬೇಸಾಯದ ಸಂಶೋಧನೆ ಆರಂಭವಾದ ಕೇಂದ್ರಗಳಲ್ಲಿ ಸೊಲ್ಲಾಪುರ ಮತ್ತು ಆಗಿನ ಬಿಜಾಪುರ ಎರಡೂ ಇದ್ದವು. ಮೇಲ್ಮಣ್ಣನ್ನು ಸಡಿಲವಾಗಿಟ್ಟು ಒಳಗಿನ ತೇವವನ್ನು ಕಾಯಬೇಕೆಂಬ ಅಲ್ಲಿಯ ಪಾಠ ಹೊಲಕ್ಕೆ ಎಷ್ಟು ಸತ್ಯವೋ ಹಿತ್ತಲಿಗೂ ಅಷ್ಟೇ ಸತ್ಯ.

ಮೊದಲ ಕೆಲಸ: ನೀರಿನ ಲೆಕ್ಕ

ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಒಂದು ಲೀಟರ್ ಆಗುತ್ತದೆ. ನಮ್ಮ ಬೇಸಿಗೆಯಲ್ಲಿ ಪೂರ್ಣ ಬೆಳೆದ ಕಾಯಿಪಲ್ಲೆಯ ಮಡಿಗೆ ದಿನಕ್ಕೆ ಸುಮಾರು 6 ಮಿ.ಮೀ. ನೀರು, ಅಂದರೆ ಚದರ ಮೀಟರಿಗೆ 6 ಲೀಟರ್ ಬೇಕೆಂದು ಹಿಡಿಯಬಹುದು. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಸುಮಾರು 100 ಚದರ ಮೀಟರ್. ಇಡೀ ಗುಂಟೆಗೆ ಬಿತ್ತಿದರೆ ದಿನಕ್ಕೆ 600 ಲೀಟರ್, ಅಂದರೆ 15 ಲೀಟರ್ ಹಿಡಿಯುವ 40 ಕೊಡ ನೀರು ಬೇಕಾಗುತ್ತದೆ. ಏಪ್ರಿಲ್ ತಿಂಗಳಲ್ಲಿ ಇಷ್ಟು ನೀರು ಎಷ್ಟು ಮನೆಗಳಿಗೆ ಲಭ್ಯ?

ಈಗ ಲೆಕ್ಕವನ್ನು ಹಿಂದಿನಿಂದ ಮಾಡಬೇಕು. ಒಂದು ಮನೆಯಲ್ಲಿ ಅಕ್ಕಿ, ಬೇಳೆ, ಕಾಯಿಪಲ್ಲೆ ತೊಳೆದ ನೀರು ದಿನಕ್ಕೆ 4 ಕೊಡ ಸಿಗುತ್ತದೆ, ನಳ ಅಥವಾ ಕೊಳವೆ ಬಾವಿಯಿಂದ ಇನ್ನು 4 ಕೊಡ ತೆಗೆದಿಡಬಹುದು ಎಂದಿಟ್ಟುಕೊಳ್ಳೋಣ. ಒಟ್ಟು 8 ಕೊಡ, ಅಂದರೆ 120 ಲೀಟರ್. ಇದನ್ನು 6ರಿಂದ ಭಾಗಿಸಿದರೆ 20 ಚದರ ಮೀಟರ್ ಬರುತ್ತದೆ. ಒಂದು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದದ ಐದು ಮಡಿಗಳು. ಆ ಮನೆಯ ಬೇಸಿಗೆಯ ತೋಟ ಅಷ್ಟೇ. ಪ್ರತಿ ಮನೆಯವರೂ ಬಿತ್ತುವ ಮೊದಲು ಒಂದು ವಾರ ತಮ್ಮ ಮನೆಯ ನೀರನ್ನು ಕೊಡದಲ್ಲಿ ಎಣಿಸಿ ಬರೆದಿಟ್ಟು ಈ ಲೆಕ್ಕ ಹಾಕಬೇಕು. ಏಪ್ರಿಲ್‌ನಲ್ಲಿ ಬಾವಿಯ ನೀರು ಇಳಿಯುವ ಮನೆಯವರು ಆಗ ಸಿಗುವ ನೀರನ್ನೇ ಲೆಕ್ಕಕ್ಕೆ ಹಿಡಿಯಬೇಕು.

ಯಾವ ನೀರು ಯಾವುದಕ್ಕೆ?

ಬಟ್ಟೆ ಒಗೆದ ನೀರನ್ನು ಹಿತ್ತಲಿಗೆ ಬಿಡಬಾರದು. ಸಾಬೂನು ಪುಡಿಯಲ್ಲಿರುವ ಸೋಡಿಯಂ ಎರೆ ಮಣ್ಣಿನ ಕಣಗಳನ್ನು ಬಿಡಿಬಿಡಿಯಾಗಿಸುತ್ತದೆ. ಮಣ್ಣು ಹಸಿಯಿದ್ದಾಗ ಅಂಟಾಗಿ, ಒಣಗಿದಾಗ ಕಲ್ಲಾಗಿ, ನೀರು ಇಂಗುವುದೇ ನಿಲ್ಲುತ್ತದೆ. ಸ್ನಾನದ ನೀರು ಮತ್ತು ಪಾತ್ರೆ ತೊಳೆದ ಸಾಬೂನಿನ ನೀರು ನುಗ್ಗೆ, ಬಾಳೆಯಂಥ ಗಿಡಗಳ ಪಾತಿಗಿರಲಿ. ಒಂದೇ ಗಿಡಕ್ಕೆ ನಿತ್ಯ ಬಿಡದೆ ಸರದಿಯಂತೆ ಬಿಡಬೇಕು. ಹಸಿಯಾಗಿ ತಿನ್ನುವ ಸೊಪ್ಪು ಮತ್ತು ಸೌತೆಗೆ ಶುದ್ಧ ನೀರೇ ಬೇಕು.

ಕೊಳವೆ ಬಾವಿಯ ನೀರು ಉಪ್ಪಾಗಿದ್ದರೆ ಅದನ್ನು ಒಮ್ಮೆ ಪರೀಕ್ಷೆ ಮಾಡಿಸಬೇಕು. ವಿದ್ಯುತ್ ವಾಹಕತೆ ಮೀಟರಿಗೆ 2 ಡೆಸಿಸೀಮನ್ಸ್ ದಾಟಿದ್ದರೆ ಬೆಳೆಯ ಆಯ್ಕೆಯಲ್ಲಿ ಎಚ್ಚರ ಅಗತ್ಯ. ಬೀನ್ಸ್, ಉಳ್ಳಾಗಡ್ಡಿ, ಗಜ್ಜರಿ, ಮೂಲಂಗಿ ಉಪ್ಪನ್ನು ತಾಳುವುದಿಲ್ಲ. ಪಾಲಕ ಮಧ್ಯಮ. ಬೀಟ್‌ರೂಟ್ ಅದಕ್ಕಿಂತ ಗಟ್ಟಿ. ಚವಳಿಕಾಯಿ ಎಲ್ಲಕ್ಕಿಂತ ಹೆಚ್ಚು ತಾಳಿಕೊಳ್ಳುತ್ತದೆ. ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ತಲುಪಿರುವ ಊರುಗಳಲ್ಲಿ ಇದಕ್ಕೆ ವಿರುದ್ಧವಾದ ಅಪಾಯವಿದೆ. ಅಲ್ಲಿ ನೀರು ಧಾರಾಳವೆಂದು ಎರೆ ನೆಲಕ್ಕೆ ಸತತವಾಗಿ ಹಾಯಿಸಿದರೆ ಕೆಳಗಿನ ಲವಣ ಮೇಲೇರಿ ಮಡಿಯ ಮೇಲೆ ಬೆಳ್ಳಗೆ ಕಾಣಿಸಿಕೊಳ್ಳುತ್ತದೆ.

ಮಣ್ಣಿನ ತಯಾರಿ

ಬಿಳಿಜೋಳದ ಸುಗ್ಗಿಯ ಗಡಿಬಿಡಿಯ ಮುನ್ನವೇ ಮಡಿಯ ಜಾಗವನ್ನು ಒಮ್ಮೆ ನೆನೆಸಿ, ಹದ ಬಂದಾಗ ಅಗೆಯಬೇಕು. ಹದವನ್ನು ತಿಳಿಯುವುದು ಸುಲಭ. ಒಂದು ಹಿಡಿ ಮಣ್ಣನ್ನು ಉಂಡೆ ಮಾಡಿ ಸೊಂಟದೆತ್ತರದಿಂದ ಬಿಟ್ಟರೆ ಅದು ಒಡೆದು ಪುಡಿಯಾಗಬೇಕು. ಚಪ್ಪಟೆಯಾಗಿ ಅಂಟಿಕೊಂಡರೆ ಎರಡು ದಿನ ತಡೆಯಬೇಕು. ಉಂಡೆಯೇ ಕಟ್ಟದಿದ್ದರೆ ಹದ ಮೀರಿದೆ. 20ರಿಂದ 25 ಸೆಂ.ಮೀ. ಆಳ ಅಗೆದು, ನಾಲ್ಕು ಚದರ ಮೀಟರಿನ ಪ್ರತಿ ಮಡಿಗೆ 10 ಕಿಲೊ ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ, 100 ಗ್ರಾಂ ಬೇವಿನ ಹಿಂಡಿ ಬೆರೆಸಬೇಕು.

ಮಳೆಗಾಲದಲ್ಲಿ ಏರು ಮಡಿ ಒಳ್ಳೆಯದು. ಬೇಸಿಗೆಯಲ್ಲಿ ತಗ್ಗು ಮಡಿಯೇ ಮೇಲು. ಸುತ್ತ 10 ಸೆಂ.ಮೀ. ಎತ್ತರದ ಒಡ್ಡು ಕಟ್ಟಿದ ತಗ್ಗು ಮಡಿಯಲ್ಲಿ ಗಾಳಿಯ ಹೊಡೆತ ಕಡಿಮೆ, ಹಾಕಿದ ನೀರು ಹೊರಗೆ ಹರಿಯುವುದಿಲ್ಲ. ಉಪ್ಪು ನೀರು ಹಾಯಿಸುವಲ್ಲಿ ಬೋದಿನ ನೆತ್ತಿಯ ಮೇಲೆ ಲವಣ ಕೂಡುವುದರಿಂದ ಅಲ್ಲಿ ಬೀಜ ಊರಬಾರದು.

ನಗರದ ಹೊಸ ಬಡಾವಣೆಗಳಲ್ಲಿ ಇನ್ನೊಂದು ತೊಡಕಿದೆ. ಮನೆ ಕಟ್ಟಿದಾಗ ಉಳಿದ ಸಿಮೆಂಟು, ಸುಣ್ಣ, ಮುರಮು ಹಿತ್ತಲಲ್ಲೇ ಹುಗಿದಿರುತ್ತದೆ. ನಮ್ಮ ಎರೆ ಮಣ್ಣು ಮೊದಲೇ ಸುಣ್ಣ ಮಿಶ್ರಿತ ಕ್ಷಾರ ಗುಣದ್ದು. ಈ ಕಸ ಅದನ್ನು ಹೆಚ್ಚಿಸುತ್ತದೆ. ಇಂಥ ಕಡೆ ಒಂದು ಅಡಿ ಆಳದವರೆಗೆ ಕಸವನ್ನು ಆರಿಸಿ ತೆಗೆದು ಹೊಲದ ಮಣ್ಣು ಮತ್ತು ಗೊಬ್ಬರ ತುಂಬದೆ ಬಿತ್ತಿದರೆ ಶ್ರಮ ವ್ಯರ್ಥ.

ಏನು ಬಿತ್ತಬೇಕು, ಯಾವಾಗ?

ಶಿವರಾತ್ರಿಗೆ ಚಳಿ ಹೋಯಿತೆಂಬುದು ರೂಢಿಯ ಮಾತು. ಬೆಂಡೆ, ಸೌತೆ, ಹೀರೆಯ ಬೀಜಗಳು ತಣ್ಣಗಿನ ಮಣ್ಣಿನಲ್ಲಿ ಸರಿಯಾಗಿ ಮೊಳೆಯುವುದಿಲ್ಲವಾದ್ದರಿಂದ ಶಿವರಾತ್ರಿಯ ಸುಮಾರಿಗೆ ಬಿತ್ತನೆ ಆರಂಭಿಸಿ ಹೋಳಿ ಹುಣ್ಣಿಮೆಯೊಳಗೆ ಮುಗಿಸಬೇಕು. ಬೆಂಡೆ ಮೊದಲ ಕಾಯಿ ಕೊಡಲು ಸುಮಾರು 45ರಿಂದ 50 ದಿನ ಬೇಕು. ಯುಗಾದಿಯ ನಂತರ ಬಿತ್ತಿದ ಬೆಂಡೆ ಎಳೆಯದಿರುವಾಗಲೇ ಕಡು ಬಿಸಿಲಿಗೆ ಸಿಗುತ್ತದೆ.

ಐದು ಮಡಿಗಳನ್ನು ಹೀಗೆ ಹಂಚಬಹುದು.

ಮೊದಲನೆಯ ಮಡಿ ಬೆಂಡೆ. ಎರಡು ಸಾಲು, ಸಾಲಿನಿಂದ ಸಾಲಿಗೆ 45 ಸೆಂ.ಮೀ., ಗಿಡದಿಂದ ಗಿಡಕ್ಕೆ 20 ಸೆಂ.ಮೀ.; ಒಟ್ಟು 40 ಗಿಡ. ಬೀಜವನ್ನು ರಾತ್ರಿ ನೆನೆಸಿ, ಗುಣಿಗೆ ಎರಡರಂತೆ ಊರಿ, ನಂತರ ಒಂದನ್ನು ಉಳಿಸಬೇಕು. ಅರ್ಕಾ ಅನಾಮಿಕ, ಪರಭಣಿ ಕ್ರಾಂತಿ ಪರಿಚಿತ ತಳಿಗಳು.

ಎರಡನೆಯದು ಚವಳಿಕಾಯಿ. ಎರಡು ಸಾಲು, ಗಿಡಗಳ ನಡುವೆ 15 ಸೆಂ.ಮೀ. ಪೂಸಾ ನವಬಹಾರ್ ತಳಿ ಸೂಕ್ತ. ನೀರು ಕಡಿಮೆಯಾದರೂ ಕೈ ಬಿಡದ ಬೆಳೆ ಇದು.

ಮೂರನೆಯದು ರಾಜಗಿರಿ. 2 ಗ್ರಾಂ ಬೀಜಕ್ಕೆ ಸಣ್ಣ ಮರಳು ಬೆರೆಸಿ ಸಾಲಿನಲ್ಲಿ ಉದುರಿಸಬೇಕು. ಅರ್ಕಾ ಸುಗುಣ ತಳಿಯನ್ನು ಮೇಲಿಂದ ಮೇಲೆ ಕೊಯ್ಯಬಹುದು.

ನಾಲ್ಕನೆಯದು ಅರ್ಧ ಪುಂಡಿಪಲ್ಲೆ, ಅರ್ಧ ಪಾಲಕ. ಪಾಲಕನ್ನು ಮಧ್ಯಾಹ್ನದ ನಂತರ ನೆರಳು ಬೀಳುವ ತುದಿಗೆ ಹಾಕಬೇಕು.

ಐದನೆಯದರಲ್ಲಿ ಎರಡು ಮೀಟರ್ ಅಂತರದಲ್ಲಿ ಎರಡೇ ಗುಣಿ: ಒಂದು ಸೌತೆ, ಒಂದು ಹೀರೆ. ಬಳ್ಳಿ ಹಬ್ಬಿದಂತೆ ನೀರಿನ ಬೇಡಿಕೆ ಮಡಿಯ ಅಳತೆಯನ್ನು ಮೀರುವುದರಿಂದ ಹೆಚ್ಚು ಗುಣಿ ಬೇಡ. ಮನೆಯಲ್ಲಿರುವ ತೊಗರಿ ಕಟ್ಟಿಗೆಯಿಂದಲೇ ಚಪ್ಪರ ಕಟ್ಟಬಹುದು. ಗುಣಿಯ ಬದಿಗೆ ಬಾಯಿಯವರೆಗೆ ಒಂದು ಮಣ್ಣಿನ ಗಡಿಗೆ ಹುಗಿದು ನೀರು ತುಂಬಿ ಮುಚ್ಚಿಟ್ಟರೆ ಅದು ನಿಧಾನವಾಗಿ ಜಿನುಗಿ ಬೇರಿಗೆ ತಲುಪುತ್ತದೆ. ಗಡಿಗೆ ಹೊಸದಾಗಿರಬೇಕು, ಎಣ್ಣೆ ಹತ್ತಿರಬಾರದು.

ಟೊಮ್ಯಾಟೊ ಈ ಪಟ್ಟಿಯಲ್ಲಿಲ್ಲ. ಹಗಲಿನ ಉಷ್ಣತೆ 35 ಡಿಗ್ರಿ ದಾಟಿ ರಾತ್ರಿಯೂ ಸೆಕೆಯಾದಾಗ ಅದರ ಹೂವು ಕಾಯಿ ಕಚ್ಚದೆ ಉದುರುತ್ತದೆ. ಮಾರ್ಚ್‌ನಲ್ಲಿ ನೆಟ್ಟವರು ನೀರು ಹಾಕಿ ಎಲೆ ಬೆಳೆದಂತಾಗುತ್ತದೆ. ಅದರ ಸರದಿ ಮೃಗಶಿರಾ ಮಳೆಯ ನಂತರ.

ಈ ತೋಟದಿಂದ ಮನೆಯ ಪೂರ್ಣ ಅಗತ್ಯ ತೀರುತ್ತದೆಂದು ತಿಳಿಯಬಾರದು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರ ತನ್ನ ಮಾರ್ಗದರ್ಶಿಯಲ್ಲಿ ವಯಸ್ಕರಿಗೆ ಸೊಪ್ಪು ಸೇರಿ ದಿನಕ್ಕೆ 400 ಗ್ರಾಂ ಕಾಯಿಪಲ್ಲೆಯನ್ನು ಸೂಚಿಸಿದೆ. ಐದು ಜನರಿಗೆ 2 ಕಿಲೊ ಆಯಿತು. ಎರಡು ಸೊಪ್ಪಿನ ಮಡಿಗಳು ಚದರ ಮೀಟರಿಗೆ ಒಂದು ಕಿಲೊದಂತೆ 25 ದಿನಕ್ಕೆ 8 ಕಿಲೊ ಕೊಟ್ಟರೆ ದಿನಕ್ಕೆ 320 ಗ್ರಾಂ ತಾಜಾ ಸೊಪ್ಪು ಮನೆಗೆ ಸಿಗುತ್ತದೆ. ಬೇಸಿಗೆಯಲ್ಲಿ ಹಲವು ಮನೆಗಳ ಊಟದಲ್ಲಿ ಇಲ್ಲವಾಗುವುದು ಈ ಸೊಪ್ಪೇ. ಆದ್ದರಿಂದಲೇ ಕಡಿಮೆ ನೀರಿನಲ್ಲೂ ಸೊಪ್ಪಿಗೆ ಎರಡು ಮಡಿ ಮೀಸಲು.

ನೀರು ಹಾಕುವ ಕ್ರಮ

ನಿತ್ಯ ಚಿಮುಕಿಸುವುದಕ್ಕಿಂತ ಮೂರು ದಿನಕ್ಕೊಮ್ಮೆ ಬೇರಿನವರೆಗೆ ತೋಯುವಂತೆ ಹಾಕುವುದು ಉತ್ತಮ. ಮೂರು ದಿನದ 24 ಕೊಡ ನೀರನ್ನು ಐದು ಮಡಿಗಳಿಗೆ ಸರದಿಯಂತೆ ಹಂಚಿದರೆ ಮಡಿಗೆ ಸುಮಾರು 5 ಕೊಡ ಬರುತ್ತದೆ. ಮೊಳಕೆಯ ಹಂತದಲ್ಲಿ ಮತ್ತು ಸೊಪ್ಪಿಗೆ ಮಾತ್ರ ಸ್ವಲ್ಪ ಸ್ವಲ್ಪವಾಗಿ ಬೇಗ ಬೇಗ ಕೊಡಬೇಕು. ಮಡಿ ಬಿರುಕು ಬಿಡಲು ಅವಕಾಶ ಕೊಡಲೇಬಾರದು. ಬಿರುಕಿನಲ್ಲಿ ಹಾಕಿದ ನೀರು ಬೇರನ್ನು ದಾಟಿ ಕೆಳಗಿಳಿಯುತ್ತದೆ, ಬಿರುಕಿನಿಂದ ಒಳಗಿನ ತೇವವೂ ಆರುತ್ತದೆ. ನೀರು ಹಾಕಿದ ಮರುದಿನ ಕುರ್ಪಿಯಿಂದ ಮೇಲ್ಮಣ್ಣು ಸಡಿಲಿಸಿ, ಗಿಡಗಳು ಗೇಣುದ್ದವಾದ ಮೇಲೆ ಕಬ್ಬಿನ ರವದಿ ಅಥವಾ ಒಣ ಎಲೆಯನ್ನು 5ರಿಂದ 8 ಸೆಂ.ಮೀ. ದಪ್ಪ ಹೊದಿಸಬೇಕು.

ಏಪ್ರಿಲ್ ಮಧ್ಯದಲ್ಲಿ ನೀರು 8 ಕೊಡದಿಂದ 5 ಕೊಡಕ್ಕೆ ಇಳಿದರೆ ಏನು ಮಾಡಬೇಕು? ಐದು ಮಡಿಗಳಿಗೂ ಸ್ವಲ್ಪ ಸ್ವಲ್ಪ ಹಂಚಿ ಎಲ್ಲವನ್ನೂ ಸೊರಗಿಸುವುದಕ್ಕಿಂತ ಎರಡು ಮಡಿ ಬಿಡುವುದು ಲೇಸು. ತೆಳುವಾಗಿ ಹಾಕಿದ ಉಪ್ಪು ನೀರು ಲವಣವನ್ನು ಬೇರಿನ ಸುತ್ತಲೇ ಉಳಿಸುತ್ತದೆ. ಮೊದಲು ಪಾಲಕನ್ನು ಕಿತ್ತು ಅಡಿಗೆಗೆ ಬಳಸಬೇಕು, ನಂತರ ಬಳ್ಳಿಗಳನ್ನು ಕೈ ಬಿಡಬೇಕು. ಚವಳಿಕಾಯಿ ಅರ್ಧ ನೀರಿನಲ್ಲಿ ಉಳಿಯುತ್ತದೆ. ಬೆಂಡೆ ಮತ್ತು ರಾಜಗಿರಿಗೆ ಪೂರ್ಣ ನೀರು ಕೊಡಬೇಕು.

ಎಲೆ ಹಳದಿಯಾದಾಗ

ಈ ಕಾಲದಲ್ಲಿ ಬೆಂಡೆಯ ಎಲೆ ಹಳದಿಯಾಗುವುದಕ್ಕೆ ಎರಡು ಬೇರೆ ಬೇರೆ ಕಾರಣಗಳಿರುತ್ತವೆ. ಒಂದಕ್ಕೆ ಮಾಡುವ ಉಪಚಾರ ಇನ್ನೊಂದಕ್ಕೆ ಸಲ್ಲದು. ಎಳೆ ಎಲೆಗಳ ನರಗಳು ಹಸಿರಾಗಿದ್ದು ನಡುವಿನ ಭಾಗ ಹಳದಿಯಾದರೆ ಅದು ಸುಣ್ಣದ ಮಣ್ಣಿನಲ್ಲಿ ಬರುವ ಕಬ್ಬಿಣದ ಕೊರತೆ. ಒಂದು ಲೀಟರ್ ನೀರಿಗೆ 5 ಗ್ರಾಂ ಕಬ್ಬಿಣದ ಸಲ್ಫೇಟು, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಸಿಂಪಡಿಸಿ, ಹತ್ತು ದಿನದ ನಂತರ ಪುನಃ ಸಿಂಪಡಿಸಬೇಕು. ಇದಕ್ಕೆ ವಿರುದ್ಧವಾಗಿ, ನರಗಳೇ ಹಳದಿಯಾಗಿ ಬಲೆಯಂತೆ ಕಂಡು ನಡುವೆ ಹಸಿರಿದ್ದರೆ ಅದು ಹಳದಿ ನರದ ನಂಜು ರೋಗ. ಇದಕ್ಕೆ ಔಷಧವಿಲ್ಲ. ಗಿಡವನ್ನು ಕಂಡ ದಿನವೇ ಕಿತ್ತು ನಾಶ ಮಾಡಿ, ರೋಗ ಹರಡುವ ಬಿಳಿ ನೊಣಕ್ಕೆ ಹಳದಿ ಅಂಟು ಹಾಳೆ ಮತ್ತು ಶೇ. 5ರ ಬೇವಿನ ಬೀಜದ ಕಷಾಯ ಬಳಸಬೇಕು.

ಹೀರೆಯ ಹೂವು ಅರಳುವುದು ಸಂಜೆಗೆ, ಸೌತೆಯದು ಬೆಳಿಗ್ಗೆ. ಜೇನ್ನೊಣ ಕಾಣದಿದ್ದರೆ ಆಯಾ ಹೊತ್ತಿನಲ್ಲಿ ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿಗೆ ಸೋಕಿಸಬೇಕು. ಹಣ್ಣಿನ ನೊಣ ಕೊರೆದ ಕಾಯಿಗಳನ್ನು ತಿಪ್ಪೆಗೆ ಎಸೆಯದೆ ಆಳವಾಗಿ ಹುಗಿಯಬೇಕು. ಬೂದಿ ರೋಗಕ್ಕೆ ಗಂಧಕ ಸಿಂಪಡಿಸುವ ರೂಢಿಯಿದ್ದರೂ 35 ಡಿಗ್ರಿಗಿಂತ ಹೆಚ್ಚಿನ ಬಿಸಿಲಿನಲ್ಲಿ ಅದು ಬಳ್ಳಿಗಳ ಎಲೆ ಸುಡುತ್ತದೆ.

ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರು ಒಂದು ಮಾತನ್ನು ವಿಶೇಷವಾಗಿ ನೆನಪಿಡಬೇಕು. ದ್ರಾಕ್ಷಿ ತೋಟಕ್ಕೆ ತಂದು ಉಳಿದ ಔಷಧವನ್ನು ಹಿತ್ತಲಿಗೆ ಬಳಸುವುದು ಅಪಾಯ. ಇಲ್ಲಿಯ ಬೆಂಡೆಯನ್ನು ಎರಡು ದಿನಕ್ಕೊಮ್ಮೆ ಕೊಯ್ಯುತ್ತಾರೆ, ಸೌತೆಯನ್ನು ಮಕ್ಕಳು ಬಳ್ಳಿಯಿಂದಲೇ ಕಿತ್ತು ತಿನ್ನುತ್ತಾರೆ. ಔಷಧದ ಅಂಶ ಇಳಿಯಲು ಬೇಕಾದ ದಿನಗಳು ಹಿತ್ತಲಲ್ಲಿ ಸಿಗುವುದಿಲ್ಲ. ಬಬಲೇಶ್ವರದ ಕಡೆ ಕಬ್ಬಿಗೆ 2,4-ಡಿ ಕಳೆನಾಶಕ ಹೊಡೆದ ಪಂಪನ್ನು ಹಿತ್ತಲಿಗೆ ತರಲೇಬಾರದು. ಅದರ ಗಾಳಿ ತಗುಲಿದರೂ ಬದನೆ, ಬೆಂಡೆ, ಬಳ್ಳಿಗಳ ಎಲೆ ಮುರುಟುತ್ತವೆ.

ಬಿತ್ತದೆ ಬಿಟ್ಟ ಜಾಗ

ಗುಂಟೆಯಲ್ಲಿ ಉಳಿದ 80 ಚದರ ಮೀಟರ್ ದಂಡವೆಂದು ಭಾವಿಸಬೇಕಿಲ್ಲ. ಅದನ್ನು ಅಗೆದು ಹೆಂಟೆಯಾಗಿ ಬಿಸಿಲಿಗೆ ಬಿಟ್ಟರೆ ಕೀಟಗಳ ಕೋಶ, ಕಳೆಯ ಬೇರು ಸಾಯುತ್ತವೆ. ಮೇ ತಿಂಗಳಲ್ಲಿ ಸಸಿ ಮಡಿ ಮಾಡುವಷ್ಟು ಜಾಗವನ್ನು ಏಪ್ರಿಲ್ ಮೊದಲ ವಾರ ಒಮ್ಮೆ ಚೆನ್ನಾಗಿ ನೆನೆಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಮಣ್ಣು ಹಾಕಿ ನಾಲ್ಕರಿಂದ ಆರು ವಾರ ಬಿಡಬೇಕು. ಸಸಿ ಕೊಳೆ ರೋಗದ ಶಿಲೀಂಧ್ರಗಳೂ ಕಳೆ ಬೀಜಗಳೂ ಕಡಿಮೆಯಾಗುತ್ತವೆ; ಜೇಕಿನ ಗಡ್ಡೆ ಮಾತ್ರ ಇದರಿಂದ ಪೂರ್ಣ ಸಾಯುವುದಿಲ್ಲ, ಅದನ್ನು ಅಗೆದೇ ತೆಗೆಯಬೇಕು. ಬಸವ ಜಯಂತಿ ಕಳೆದ ಮೇಲೆ ಅಲ್ಲಿ ಬದನೆ, ಮೆಣಸಿನಕಾಯಿ ಬೀಜ ಚೆಲ್ಲಿದರೆ ಮುಂಗಾರಿನ ಹೊತ್ತಿಗೆ ಮನೆಯ ಸಸಿ ಸಿದ್ಧ. ಅಡ್ಡಮಳೆಯ ಗಾಳಿಗೆ ಚಪ್ಪರ ಬೀಳದಂತೆ ಮೊದಲೇ ಗೂಟ ಬಿಗಿಯಬೇಕು.

ಮಣ್ಣು ಮತ್ತು ನೀರಿನ ಪರೀಕ್ಷೆಗಾಗಿ ಹಿಟ್ಟಿನಹಳ್ಳಿ ಫಾರ್ಮಿನ ಕೃಷಿ ವಿಜ್ಞಾನ ಕೇಂದ್ರವನ್ನೂ, ತೋಟಗಾರಿಕೆ ಬೆಳೆಗಳ ಸಲಹೆಗಾಗಿ ಸೊಲ್ಲಾಪುರ ರಸ್ತೆಯ ತಿಡಗುಂದಿಯಲ್ಲಿರುವ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಕೇಂದ್ರವನ್ನೂ ವಿಚಾರಿಸಬಹುದು. ವಿಸ್ತರಣಾ ಕಾರ್ಯಕರ್ತರು ಬೀಜದ ಪೊಟ್ಟಣ ಹಂಚುವ ಮುನ್ನ ಆ ಮನೆಯಲ್ಲಿ ದಿನಕ್ಕೆ ಎಷ್ಟು ಕೊಡ ನೀರು ಉಳಿಯುತ್ತದೆಂದು ಮನೆಯ ಹೆಣ್ಣುಮಕ್ಕಳನ್ನು ಕೇಳುವುದು ಒಳ್ಳೆಯದು. ನೀರಿನ ನಿಜವಾದ ಲೆಕ್ಕ ಅವರಲ್ಲೇ ಇರುತ್ತದೆ. ಎಷ್ಟು ಮಡಿ ಹಾಕಬೇಕೆಂಬ ತೀರ್ಮಾನವೂ ಅವರದೇ ಆಗಿರಬೇಕು.