ರೈಫಲಿನ ಆಯ್ಕೆ: ಲೆಕ್ಕವೂ ಬೊಕ್ಕಸವೂ

ಗುಂಡು ಹಾರಿಸಲು ಕಲಿಯುವವನಿಗೆ ಕೊಡುವ ಮೊದಮೊದಲ ಎಚ್ಚರಿಕೆಗಳಲ್ಲಿ ಒಂದುಂಟು: ರೈಫಲಿನ ಹಿಂಬದಿಯನ್ನು ಭುಜಕ್ಕೆ ಭದ್ರವಾಗಿ ಒತ್ತಿ ಹಿಡಿಯಬೇಕು. ಸಡಿಲವಾಗಿ ಹಿಡಿದರೆ ಗುಂಡು ಮುಂದಕ್ಕೆ ಹಾರಿದೊಡನೆ ರೈಫಲು ಹಿಂದಕ್ಕೆ ಚಿಮ್ಮಿ ಭುಜಕ್ಕೆ ಪೆಟ್ಟು ಕೊಡುತ್ತದೆ. ಇದನ್ನು ನಾವು ಹಿನ್ನೊದೆತವೆಂದು ಕರೆಯೋಣ. ನ್ಯೂಟನ್ನನ ಮೂರನೆಯ ನಿಯಮವನ್ನು ಪಾಠಪುಸ್ತಕದಲ್ಲಿ ಓದಿದವರಿಗೆ ಇದರ ಕಾರಣ ಗೊತ್ತೇ ಇದೆ. ಆದರೆ ಇದೇ ಒದೆತವು ಒಂದು ದೇಶದ ಸೈನ್ಯವು ತನ್ನ ರೈಫಲನ್ನು ಆರಿಸಿಕೊಳ್ಳುವಾಗ ಹೇಗೆ ತಕ್ಕಡಿಗೆ ಬರುತ್ತದೆ, ಮತ್ತು ಆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಹಣದ ಚೀಲವು ಹೇಗೆ ಕುಳಿತಿರುತ್ತದೆ ಎಂಬುದನ್ನು ಅಷ್ಟಾಗಿ ಯಾರೂ ಯೋಚಿಸುವುದಿಲ್ಲ. ಅಮೆರಿಕದಲ್ಲಿ 1932ರಿಂದ 1936ರವರೆಗೆ ನಡೆದ ಒಂದು ಆಯ್ಕೆಯನ್ನು ಉದಾಹರಣೆಯಾಗಿಟ್ಟುಕೊಂಡು ಈ ವಿಷಯವನ್ನು ವಿಚಾರಿಸೋಣ.

ಕೊಲ್ಲುವ ಸಾಧನದ ವಿಚಾರ ವಿಜ್ಞಾನದ ಪತ್ರಿಕೆಯಲ್ಲಿ ಏಕೆಂದು ವಾಚಕರು ಕೇಳಬಹುದು. ಪ್ರಶ್ನೆ ಯೋಗ್ಯವಾದುದೇ. ಇಂಥ ಆಯ್ಕೆಯಲ್ಲಿ ತಪ್ಪಿದರೆ ಅದರ ಬೆಲೆಯನ್ನು ತೆರುವವನು ಆರಿಸಿದವನಲ್ಲ, ಹೊತ್ತು ನಡೆಯುವ ಸೈನಿಕ. ಆದುದರಿಂದ ಅಲ್ಲಿ ಲೆಕ್ಕವು ಎಷ್ಟರಮಟ್ಟಿಗೆ ದಾರಿ ತೋರಿತು, ಎಲ್ಲಿ ಸುಮ್ಮನಾಯಿತು ಎಂಬುದು ತಿಳಿಯಬೇಕಾದ ಸಂಗತಿ.

ಸ್ವಯಂಭರ್ತಿ ಎಂದರೇನು?

ಹಳೆಯ ಮಾದರಿಯ ರೈಫಲಿನಲ್ಲಿ ಪ್ರತಿ ಗುಂಡಿನ ಬಳಿಕ ಸೈನಿಕನು ಕೈಯಿಂದಲೇ ಅಗುಳಿಯನ್ನು, ಎಂದರೆ ಬೋಲ್ಟನ್ನು, ಹಿಂದಕ್ಕೆಳೆದು ಖಾಲಿ ತೋಟಾವನ್ನು ಹೊರಹಾಕಿ, ಮತ್ತೆ ಮುಂದಕ್ಕೆ ತಳ್ಳಿ ಹೊಸ ತೋಟಾವನ್ನು ಕೂರಿಸಬೇಕಾಗಿತ್ತು. ಅಮೆರಿಕದ ಸೈನ್ಯದಲ್ಲಿದ್ದ 1903ರ ಸ್ಪ್ರಿಂಗ್‌ಫೀಲ್ಡ್ ಇಂಥದೇ. ಅದರಲ್ಲಿ ಐದು ತೋಟಾಗಳು ಹಿಡಿಯುತ್ತಿದ್ದವು. ಅರೆ-ಸ್ವಯಂಚಾಲಿತ ಅಥವಾ ಸ್ವಯಂಭರ್ತಿ ರೈಫಲಿನಲ್ಲಿ ಈ ಕೆಲಸವನ್ನು ಮದ್ದಿನ ಶಕ್ತಿಯ ಒಂದು ಅಲ್ಪಾಂಶವೇ ಮಾಡುತ್ತದೆ. ಕುದುರೆಯನ್ನು ಒಮ್ಮೆ ಎಳೆದರೆ ಒಂದೇ ಗುಂಡು. ಆದರೆ ಮುಂದಿನ ಗುಂಡಿಗೆ ರೈಫಲು ತಾನಾಗಿಯೇ ಸಿದ್ಧವಾಗಿರುತ್ತದೆ. ಸೈನಿಕನ ಕಣ್ಣು ಗುರಿಯಿಂದ ಕದಲಬೇಕಾಗಿಲ್ಲ.

ಕೇಳಲು ಸುಲಭವಾಗಿ ತೋರುವ ಈ ಉಪಾಯ ಕಾರ್ಯತಃ ಕಠಿಣ. ತೋಟಾದೊಳಗೆ ಮದ್ದು ಉರಿದಾಗ ಒತ್ತಡವು ಸುಮಾರು 3,400 ವಾಯುಮಂಡಲಗಳಷ್ಟಕ್ಕೆ ಏರುತ್ತದೆ. 7.62 ಮಿಲಿಮೀಟರ್ ವ್ಯಾಸದ ನಳಿಗೆಯಲ್ಲಿ ಗುಂಡಿನ ಹಿಂಬದಿಯ ಮೇಲೆ ಬೀಳುವ ಬಲ ಒಂದೂವರೆ ಟನ್ನು ತೂಕಕ್ಕೆ ಸಮ. ಗುಂಡು ನಳಿಗೆಯನ್ನು ದಾಟಲು ಹಿಡಿಯುವ ಕಾಲ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೆ. ಅರ್ಧ ಕಿಲೋಗ್ರಾಂ ತೂಗುವ ಅಗುಳಿಯನ್ನು ಬೀಗವಿಲ್ಲದೆ ಬಿಟ್ಟಿದ್ದರೆ, ಗುಂಡು ಇನ್ನೂ ನಳಿಗೆಯಲ್ಲಿರುವಾಗಲೇ ಅದು ಒಂದು ಸೆಂಟಿಮೀಟರಿಗೂ ಮಿಕ್ಕಿ ಹಿಂದೆ ಸರಿದಿರುತ್ತದೆ. ಆಗ ಆಸರೆ ತಪ್ಪಿದ ತೆಳು ಹಿತ್ತಾಳೆಯ ತೋಟಾ ಸಿಡಿದು ಸೈನಿಕನ ಮುಖಕ್ಕೇ ಅಪಾಯ. ಆದುದರಿಂದ ಒತ್ತಡವು ಇಳಿಯುವವರೆಗೆ ಅಗುಳಿ ಬಿಗಿಯಾಗಿರಬೇಕು, ಇಳಿದೊಡನೆ ತೆರೆಯಬೇಕು.

ಜಾನ್ ಗರಾಂಡ್ ಎಂಬ ಯಂತ್ರಜ್ಞನು ಇದಕ್ಕೆ ನಳಿಗೆಯ ಅನಿಲವನ್ನೇ ಬಳಸಿದನು. ಕೆನಡಾದಲ್ಲಿ ಹುಟ್ಟಿದ ಆತ 1919ರಿಂದ ಮ್ಯಾಸಚೂಸೆಟ್ಸ್ ಪ್ರಾಂತದ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದಲ್ಲಿ ಸರಕಾರಿ ನೌಕರನಾಗಿದ್ದನು. ಗುಂಡು ನಳಿಗೆಯ ತುದಿಗೆ ಬಂದಾಗ ಅದರ ಹಿಂದಿನ ಅನಿಲದ ಒಂದಂಶವು ಒಂದು ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ. ಪಿಸ್ಟನ್ನಿಗೆ ಸೇರಿದ ಸರಳು ಅಗುಳಿಯನ್ನು ತಿರುಗಿಸಿ, ಬೀಗ ಬಿಡಿಸಿ, ಹಿಂದಕ್ಕೆಳೆಯುತ್ತದೆ. ಕುಗ್ಗಿದ ಸ್ಪ್ರಿಂಗು ಎಲ್ಲವನ್ನೂ ಮತ್ತೆ ಮುಂದಕ್ಕೆ ತರುತ್ತದೆ.

ಆತನ ಪ್ರತಿಸ್ಪರ್ಧಿ ಜಾನ್ ಪೆಡರ್ಸನ್ ಬೇರೆ ದಾರಿ ಹಿಡಿದನು. ಆತನ ರೈಫಲಿನಲ್ಲಿ ಮೊಣಕಾಲಿನಂತೆ ಮಡಚುವ ಕೀಲೊಂದು ಅಗುಳಿಯ ಚಲನೆಯನ್ನು ತಡೆದು ನಿಧಾನಗೊಳಿಸುತ್ತಿತ್ತು. ಆದರೆ ಖಾಲಿ ತೋಟಾ ಸರಾಗವಾಗಿ ಹೊರಬರಲೆಂದು ತೋಟಾಗಳಿಗೆಲ್ಲ ಮೇಣದ ತೆಳು ಲೇಪ ಬೇಕಾಗುತ್ತಿತ್ತು. ಯುದ್ಧಕಾಲದಲ್ಲಿ ಕೋಟಿಗಟ್ಟಲೆ ತಯಾರಾಗಬೇಕಾದ ತೋಟಾಗಳಿಗೆ ಇಂಥ ಹೆಚ್ಚಿನ ಉಪಚಾರ ಒಂದು ಹೊರೆಯೇ ಸರಿ.

ಒದೆತದ ಲೆಕ್ಕ

ಯಾವ ತೋಟಾ ಒಳ್ಳೆಯದು? ಸೈನ್ಯದಲ್ಲಿ ಆಗಲೇ ಇದ್ದುದು .30 ಅಂಗುಲದ, ಎಂದರೆ 7.62 ಮಿಲಿಮೀಟರಿನ ತೋಟಾ. ಪೆಡರ್ಸನ್ ಸೂಚಿಸಿದ ಹೊಸದು .276 ಅಂಗುಲದ್ದು, ಸುಮಾರು 7 ಮಿಲಿಮೀಟರ್. ಗರಾಂಡನೂ ಇದಕ್ಕೆ ಹೊಂದುವ ರೈಫಲನ್ನು ಕಟ್ಟಿದ್ದನು.

ಮೊದಲು ದೊಡ್ಡ ತೋಟಾವನ್ನು ತೆಗೆದುಕೊಳ್ಳೋಣ. ಗುಂಡಿನ ದ್ರವ್ಯರಾಶಿ 9.7 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 850 ಮೀಟರ್. ಇವುಗಳ ಗುಣಲಬ್ಧವಾದ ಸಂವೇಗ 8.2 ಮಾನ. (ಇಲ್ಲಿ ಮಾನವೆಂದರೆ ಕಿಲೋಗ್ರಾಂ-ಮೀಟರ್ ಪ್ರತಿ ಸೆಕೆಂಡ್.) ಮದ್ದು ಉರಿದು ಹುಟ್ಟಿದ ಅನಿಲವೂ ಮುಂದಕ್ಕೇ ಧಾವಿಸುವುದರಿಂದ ಅದರ ಪಾಲನ್ನು ಸುಮಾರು 4 ಎಂದು ಹಿಡಿದರೆ ಒಟ್ಟು 12.2. ಇಷ್ಟೇ ಸಂವೇಗವು ರೈಫಲಿಗೆ ಹಿಮ್ಮುಖವಾಗಿ ಬರಬೇಕು. 4.3 ಕಿಲೋಗ್ರಾಂ ತೂಕದ ರೈಫಲಾದರೆ ಅದರ ವೇಗ ಸೆಕೆಂಡಿಗೆ 2.8 ಮೀಟರ್, ಚಲನಶಕ್ತಿ ಸುಮಾರು 17 ಜೂಲ್. ಗುಂಡಿನ ಚಲನಶಕ್ತಿಯಾದರೋ ಸುಮಾರು 3,500 ಜೂಲ್. ಗುಂಡಿನದಕ್ಕಿಂತ ರೈಫಲಿನ ಸಂವೇಗ ಕಡಿಮೆಯಿಲ್ಲ. ಆದರೆ ಶಕ್ತಿ ಅದರ ಇನ್ನೂರನೆಯ ಒಂದು ಪಾಲು! ಸಂವೇಗಕ್ಕೂ ಶಕ್ತಿಗೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ಅಪರೂಪ.

ಈಗ ಹಗುರವಾದ ತೋಟಾ. ಲೆಕ್ಕದ ಅನುಕೂಲಕ್ಕಾಗಿ 8 ಗ್ರಾಂ ಗುಂಡು, 800 ಮೀಟರ್ ವೇಗ ಎಂದು ಭಾವಿಸೋಣ. ಗುಂಡಿನ ಸಂವೇಗ 6.4, ಮದ್ದು ಕಡಿಮೆಯಾದುದರಿಂದ ಅನಿಲದ ಪಾಲು 2.5; ಒಟ್ಟು 8.9. ಅದೇ ತೂಕದ ರೈಫಲಿನ ಹಿನ್ನೊದೆತದ ಶಕ್ತಿ ಈಗ 9 ಜೂಲ್ ಮಾತ್ರ. ಗುಂಡಿನ ಶಕ್ತಿ 3,500ರಿಂದ 2,560ಕ್ಕೆ, ಎಂದರೆ ಸುಮಾರು ನಾಲ್ಕನೆಯ ಒಂದು ಭಾಗದಷ್ಟು ಇಳಿಯಿತು. ಒದೆತವಾದರೋ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಒದೆತದ ಶಕ್ತಿ ಸಂವೇಗದ ವರ್ಗವನ್ನು ಅನುಸರಿಸುವುದೇ ಇದರ ರಹಸ್ಯ. ಸೈನಿಕನಿಗೆ ಬೇಗನೆ ಮತ್ತೆ ಗುರಿ ಹಿಡಿಯಲು ಅನುಕೂಲ, ರೈಫಲಿನ ಭಾಗಗಳಿಗೆ ಸವೆತ ಕಡಿಮೆ, ಒಂದೇ ತೂಕಕ್ಕೆ ಹೆಚ್ಚು ತೋಟಾಗಳು. .276ರ ರೈಫಲಿನಲ್ಲಿ ಹತ್ತು ತೋಟಾ ಹಿಡಿದರೆ .30ರದರಲ್ಲಿ ಎಂಟೇ ಹಿಡಿದವು.

ತೀರ್ಪು

ಲೆಕ್ಕ ಹೀಗೆ .276ರ ಕಡೆಗೆ ಒಲಿಯಿತು. 1932ರ ಜನವರಿಯಲ್ಲಿ ಪರೀಕ್ಷಾಮಂಡಲಿಯೂ ಆ ತೋಟಾದ ಗರಾಂಡ್ ರೈಫಲನ್ನೇ ಶಿಫಾರಸು ಮಾಡಿತು. ಆದರೆ ಮರುತಿಂಗಳಲ್ಲೇ ಸೈನ್ಯದ ಮುಖ್ಯಸ್ಥನಾಗಿದ್ದ ಜನರಲ್ ಡಗ್ಲಸ್ ಮ್ಯಾಕ್ ಆರ್ಥರನು ಅದನ್ನು ತಳ್ಳಿಹಾಕಿದನು. ರೈಫಲು ಅರೆ-ಸ್ವಯಂಚಾಲಿತವೇ ಆಗಲಿ, ತೋಟಾ ಮಾತ್ರ ಹಳೆಯ .30 ಅಂಗುಲದ್ದೇ ಇರಲಿ ಎಂಬುದು ಆತನ ನಿರ್ಣಯ.

ಕಾರಣವನ್ನು ಊಹಿಸುವುದು ಕಷ್ಟವಲ್ಲ. 1929ರಲ್ಲಿ ಆರಂಭವಾದ ಆರ್ಥಿಕ ಮುಗ್ಗಟ್ಟು ದೇಶವನ್ನು ಹಿಂಡುತ್ತಿತ್ತು. ಸೈನ್ಯಕ್ಕೆ ದೊರೆಯುತ್ತಿದ್ದ ಹಣ ಮಿತವಾಗಿತ್ತು. ಮೊದಲ ಮಹಾಯುದ್ಧದಿಂದ ಉಳಿದ .30 ತೋಟಾಗಳ ಭಾರಿ ದಾಸ್ತಾನು ಉಗ್ರಾಣಗಳಲ್ಲಿತ್ತು. ಮೆಷಿನ್‌ಗನ್ನುಗಳೂ ಅದೇ ತೋಟಾವನ್ನು ಬಳಸುತ್ತಿದ್ದವು. ಹೊಸ ತೋಟಾ ಎಂದರೆ ಹೊಸ ಯಂತ್ರಗಳು, ಹೊಸ ಅಚ್ಚುಗಳು, ಮತ್ತು ರಣರಂಗಕ್ಕೆ ಒಂದರ ಬದಲು ಎರಡು ಬಗೆಯ ತೋಟಾಗಳ ಸಾಗಣೆ. ರೈಫಲಿಗೆ ತೆರುವ ಬೆಲೆ ಒಮ್ಮೆ; ತೋಟಾಕ್ಕೆ ತೆರುವುದು ಪ್ರತಿದಿನ. ಈ ಮಾತು ಭೌತಶಾಸ್ತ್ರದ ಸಮೀಕರಣದಲ್ಲಿ ಕಾಣುವುದಿಲ್ಲ, ಆದರೂ ಆಯ್ಕೆಯ ಸಮೀಕರಣದಲ್ಲಿ ಅದೊಂದು ಪದ.

ಗರಾಂಡನು .30ರ ರೈಫಲಿನ ಕೆಲಸವನ್ನು ಮುಂದುವರಿಸಿದನು. 1936ರ ಜನವರಿಯಲ್ಲಿ ಅದನ್ನು ಎಮ್-1 ಎಂಬ ಹೆಸರಿನಿಂದ ಸೈನ್ಯವು ಸ್ವೀಕರಿಸಿತು. ದೋಷಗಳು ಇಲ್ಲದಿರಲಿಲ್ಲ: ಮೊದಲು ಅನಿಲವನ್ನು ನಳಿಗೆಯ ಬಾಯಿಯಲ್ಲಿ ಹಿಡಿಯುವ ವ್ಯವಸ್ಥೆಯಿತ್ತು, 1940ರ ಹೊತ್ತಿಗೆ ಅದನ್ನು ಬಿಟ್ಟು ನಳಿಗೆಯಲ್ಲೇ ಒಂದು ಸಣ್ಣ ರಂಧ್ರವನ್ನು ಕೊರೆಯುವ ಸರಳ ವಿಧಾನಕ್ಕೆ ಬಂದರು. ಎರಡನೆಯ ಮಹಾಯುದ್ಧ ಮುಗಿಯುವುದರೊಳಗೆ ಸುಮಾರು 40 ಲಕ್ಷ ರೈಫಲುಗಳು ತಯಾರಾದವು. ಪೇಟೆಂಟ್ ಹಕ್ಕುಗಳನ್ನು ಸರಕಾರಕ್ಕೆ ಒಪ್ಪಿಸಿದ್ದ ಗರಾಂಡನಿಗೆ ಇವುಗಳಲ್ಲಿ ಒಂದಕ್ಕೂ ರಾಯಧನ ಸಿಗಲಿಲ್ಲ.

ನಮ್ಮ ದೇಶದ ಅನುಭವ

1962ರ ಚೀನಾ ಯುದ್ಧದಲ್ಲಿ ನಮ್ಮ ಸೈನಿಕರ ಕೈಯಲ್ಲಿದ್ದುದು ಪ್ರತಿ ಗುಂಡಿಗೂ ಅಗುಳಿ ಎಳೆಯಬೇಕಾದ .303 ರೈಫಲು. ಎದುರಾಳಿಗಳಲ್ಲಿ ಹಲವರು ಸ್ವಯಂಚಾಲಿತ ಆಯುಧಗಳನ್ನು ಹೊಂದಿದ್ದರು. ಆ ಬಳಿಕ ಬಂಗಾಳದ ಇಚಾಪುರದ ಕಾರ್ಖಾನೆಯಲ್ಲಿ 7.62 ಮಿಲಿಮೀಟರಿನ, ಇಪ್ಪತ್ತು ತೋಟಾ ಹಿಡಿಯುವ ಸ್ವಯಂಭರ್ತಿ ರೈಫಲು ತಯಾರಾಯಿತು. ಅದೂ ಅನಿಲದಿಂದಲೇ ನಡೆಯುವಂಥದು. 1990ರ ದಶಕದಲ್ಲಿ ಅದರ ಸ್ಥಾನಕ್ಕೆ 5.56 ಮಿಲಿಮೀಟರಿನ ಹಗುರ ತೋಟಾದ ಇನ್ಸಾಸ್ ಬಂದಿತು. 2019ರಲ್ಲಿ ಭಾರತವು ಮತ್ತೆ 7.62ರ ರೈಫಲುಗಳನ್ನು ಕೊಂಡಿತು. ಅಮೆರಿಕದ ಭೂಸೈನ್ಯವು 2022ರಲ್ಲಿ ಆರಿಸಿದುದು 6.8 ಮಿಲಿಮೀಟರಿನ ತೋಟಾವನ್ನು. ಅಳತೆಯಲ್ಲಿ ಅದು 1932ರಲ್ಲಿ ತಳ್ಳಿಹಾಕಿದುದಕ್ಕೆ ಬಹು ಸಮೀಪದ್ದು.

ಹಾಗಾದರೆ ಮ್ಯಾಕ್ ಆರ್ಥರನು ತಪ್ಪಿದನೇ? ಹಾಗೆನ್ನಲಾಗದು. ಆತನ ಮುಂದಿದ್ದ ಪ್ರಶ್ನೆ "ಅತ್ಯುತ್ತಮವಾದ ತೋಟಾ ಯಾವುದು?" ಎಂಬುದಾಗಿರಲಿಲ್ಲ, "ಇರುವ ಹಣದಲ್ಲಿ, ಇರುವ ದಾಸ್ತಾನಿನೊಡನೆ, ಎಲ್ಲ ಸೈನಿಕರಿಗೂ ಕೊಡಬಲ್ಲ ಒಳ್ಳೆಯ ರೈಫಲು ಯಾವುದು?" ಎಂಬುದಾಗಿತ್ತು. ಮೊದಲನೆಯ ಪ್ರಶ್ನೆಗೆ ಪ್ರಯೋಗಶಾಲೆ ಉತ್ತರ ಕೊಡಬಲ್ಲದು. ಎರಡನೆಯದಕ್ಕೆ ಪ್ರಯೋಗಶಾಲೆಯೊಂದೇ ಸಾಲದು. ಆದರೆ ಅದಿಲ್ಲದೆಯೂ ಆಗದು. ಹಣ ಉಳಿಸಲೆಂದು ಯಾವ ಗುಣವನ್ನು ಎಷ್ಟು ಬಿಟ್ಟುಕೊಟ್ಟೆವೆಂಬುದನ್ನು ಹೇಳುವುದು ಲೆಕ್ಕವೇ. ಇಲ್ಲಿ ಬಿಟ್ಟುಕೊಟ್ಟುದು ಎರಡು ತೋಟಾ ಮತ್ತು ಪ್ರತಿ ಗುಂಡಿಗೆ ಏಳೆಂಟು ಜೂಲ್ ಹೆಚ್ಚಿನ ಒದೆತ. ಅದನ್ನು ಹೊತ್ತುದು ಬೊಕ್ಕಸವಲ್ಲ, ಸೈನಿಕನ ಭುಜ. ಮುಂದೆ ಯಂತ್ರಶಿಲ್ಪಿಗಳಾಗಿ ಪಂಪನ್ನೋ ಸೇತುವೆಯನ್ನೋ ಆರಿಸಬೇಕಾಗುವ ವಿದ್ಯಾರ್ಥಿಗಳು, ಉಳಿಸಿದ ಹಣದ ಲೆಕ್ಕದ ಪಕ್ಕದಲ್ಲಿ ಈ ಎರಡನೆಯ ಲೆಕ್ಕವನ್ನೂ ಬರೆದಿಡುವುದನ್ನು ಈಗಲೇ ರೂಢಿಸಿಕೊಳ್ಳಬೇಕು.